ಕಡಲಹಕ್ಕಿಗಳ ಕೊಂಬೊ

ಮಸ್ಕತ್ತಿನ ಖುರುಮ್‌ನ ನಮ್ಮ ಆಫೀಸಿಗೆ ನಾನು ಸೇರಿದ ವಾರವೇ ಏಸಿ ಕೆಟ್ಟಿತ್ತು. ಕಡಲ ನೀರು, ಗಾಳಿ, ಮಣ್ಣು ಪರೀಕ್ಷಿಸಿ ಕಾರ್ಖಾನೆಗಳಿಗೆ ವರದಿ ಕೊಡುವ ಸಣ್ಣ ಸಂಸ್ಥೆ ಅದು. ನಾನು ಅಲ್ಲಿನ ಕೆಮಿಸ್ಟ್. ರಿಪೇರಿಯವನು ಬಂದು ಕಿಟಕಿಯಾಚೆ ಕೈ ಹಾಕುವಷ್ಟರಲ್ಲಿ, ಎತ್ತರದ, ತೆಳ್ಳಗಿನ, ಕಪ್ಪು ಮೈಬಣ್ಣದ ಒಬ್ಬರು ಎದ್ದು ಬಂದು ಅವನ ತೋಳು ಹಿಡಿದುಕೊಂಡರು.

"ಇವತ್ತು ಬೇಡ. ಅಲ್ಲಿ ಪಾರಿವಾಳ ಮೊಟ್ಟೆಯಿಟ್ಟಿದೆ."

"ಮತ್ತೆ ಯಾವಾಗ ಬರಲಿ?" ಎಂದ ಅವನು.

"ಮರಿಗಳು ಹಾರಿದ ಮೇಲೆ."

ಮಾರ್ಚ್ ತಿಂಗಳು, ಬಿಸಿಲಿನ್ನೂ ಏರಿರಲಿಲ್ಲ. ಆದರೂ ಗೊಣಗಾಟಕ್ಕೇನೂ ಕಡಿಮೆಯಿರಲಿಲ್ಲ. ಅವರು ಮಾತ್ರ ಮನೆಯಿಂದ ಎರಡು ಟೇಬಲ್ ಫ್ಯಾನ್ ತಂದು ನಮ್ಮೆಲ್ಲರ ಕಡೆಗೆ ತಿರುಗಿಸಿಟ್ಟು, ತಾವು ಗಾಳಿಯಿಲ್ಲದ ಮೂಲೆಯಲ್ಲಿ ಕುಳಿತರು. ಮರಿಗಳು ಹಾರಿದ ದಿನ ಗೊಣಗಿದವರೇ ಹಲ್ವಾ ತಂದು ಹಂಚಿದರು. ಹೀಗೆ ನನಗೆ ಕೊಂಬೊ ಹಮಾದಿ ಪರಿಚಯವಾದರು.

ಅವರು ಹುಟ್ಟಿದ್ದು ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ. ಅಲ್ಲಿ ಊರಿಗೆ ಊರೇ ಲವಂಗದ ವಾಸನೆ. ಕೊಯ್ಲಿನ ಕಾಲದಲ್ಲಿ ರಸ್ತೆಯಂಚಿನುದ್ದಕ್ಕೂ ಚಾಪೆ ಹಾಸಿ ಮೊಗ್ಗು ಒಣಗಿಸುತ್ತಾರೆ. ತಂದೆ ಲವಂಗ ಕೊಯ್ಯುವವರು. ಮಗನೂ ಚಿಕ್ಕಂದಿನಿಂದ ಮರ ಹತ್ತಿದ. ಒಮ್ಮೆ ಮೇಲಿನ ಟೊಂಗೆಯೊಂದನ್ನು ಮುಟ್ಟದೆ ಇಳಿದುಬಿಟ್ಟನಂತೆ. ತಂದೆ ಯಾಕೆಂದು ಕೇಳಿದರು. ಹಸಿರು ಪಾರಿವಾಳದ ಗೂಡಿದೆ ಎಂದ. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತಿದ್ದವನಿಗೆ ತಂದೆ, "ಹಾಗಾದರೆ ಪಕ್ಕದ ಮರಕ್ಕೆ ಏಣಿ ಹಾಕು" ಎಂದರು, ಅಷ್ಟೆ.

"ಅವತ್ತು ಅಪ್ಪ ಬೈದಿದ್ದರೆ ನಾನು ಲವಂಗದ ವ್ಯಾಪಾರಿಯಾಗುತ್ತಿದ್ದೆನೋ ಏನೋ" ಎಂದು ಕೊಂಬೊ ನಗುತ್ತಿದ್ದರು.

ಊರಿನ ಪಕ್ಕದ ಕಾಡಿಗೆ ರಶೀದಿ ಎಂಬ ಅರಣ್ಯಾಧಿಕಾರಿ ಬಂದರು. ಮಕ್ಕಳಿಲ್ಲದ ಮನುಷ್ಯ. ಶಾಲೆ ಬಿಟ್ಟ ಮೇಲೆ ಹುಡುಗನನ್ನು ಜೊತೆಗೆ ಕರೆದೊಯ್ದು, ಕಾಣದ ಹಕ್ಕಿಯನ್ನು ಕೂಗಿನಿಂದಲೇ ಗುರುತಿಸುವುದನ್ನು ಕಲಿಸಿದರು. ಬಲೆಯಲ್ಲಿ ಸಿಕ್ಕ ಹಕ್ಕಿಯನ್ನು ನೋಯಿಸದೆ ಹಿಡಿದು, ಕಾಲಿಗೆ ನಂಬರಿನ ಬಳೆ ತೊಡಿಸಿ ಬಿಡುವುದನ್ನೂ ಕಲಿಸಿದರು. ಹುಡುಗ ದೊಡ್ಡವನಾದಾಗ ಕಿಲಿಮಂಜಾರೊ ಬೆಟ್ಟದ ಬುಡದಲ್ಲಿರುವ ವನ್ಯಜೀವಿ ಕಾಲೇಜಿಗೆ ತಾವೇ ಕರೆದೊಯ್ದು ಸೇರಿಸಿದರು. "ನನ್ನ ಹತ್ತಿರ ಇರುವುದರಲ್ಲಿ ಅರ್ಧ ಅವರದು" ಎಂದು ಕೊಂಬೊ ಯಾವಾಗಲೂ ಹೇಳುವರು. ಇನ್ನರ್ಧ ಯಾರದು ಎಂದು ಕೇಳಿದರೆ ದೊಡ್ಡ ಪಟ್ಟಿಯೇ ಬರುತ್ತಿತ್ತು, ಅದರಲ್ಲಿ ಅವರ ಹೆಸರು ಮಾತ್ರ ಇರುತ್ತಿರಲಿಲ್ಲ.

ಓದು ಮುಗಿಸಿ ಪೆಂಬಾ ಕಾಡಿನಲ್ಲೇ ಕೆಲಸಕ್ಕೆ ಸೇರಿದರು. ಪ್ರತಿ ನವೆಂಬರಿನಲ್ಲಿ ಉತ್ತರದಿಂದ ಮಸಿ ಬಣ್ಣದ ಚಾಣಗಳು, ಗಿಡುಗದಂಥ ಬೇಟೆಹಕ್ಕಿಗಳು, ಬಂದು, ಒಂದೆರಡು ದಿನ ಬೇಟೆಯಾಡಿ, ದಕ್ಷಿಣಕ್ಕೆ ಮಡಗಾಸ್ಕರಿನ ಕಡೆಗೆ ಹೋಗಿಬಿಡುತ್ತಿದ್ದವು. ಎಲ್ಲಿಂದ ಬರುತ್ತವೆ ಎಂದು ಕೇಳಿದಾಗ ರಶೀದಿ ಹೇಳಿದರು: "ಅರಬರ ದೇಶದಿಂದ. ಒಮಾನಿನ ಬಂಡೆ ದ್ವೀಪಗಳಲ್ಲಿ ಗೂಡು ಮಾಡುತ್ತವಂತೆ, ನಾನು ನೋಡಿಲ್ಲ."

ಕೊಂಬೊ ಅವರ ಸೋದರಮಾವ ಆಗಲೇ ಮಸ್ಕತ್ತಿನಲ್ಲಿದ್ದರು. ಇವರು ಗೂಡು ನೋಡುವ ಆಸೆಯಿಂದ ಬಂದರು. ಆದರೆ ಬರಲು ಸಿಕ್ಕ ವೀಸಾ ವಾದಿ ಕಬೀರ್‌ನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯದು. ವಾರವಿಡೀ ಗ್ಯಾರೇಜುಗಳಿಗೆ ಬೇರಿಂಗ್, ಬೆಲ್ಟು ಕೊಡುವುದು. ಶುಕ್ರವಾರ ಯಾರದಾದರೂ ಪಿಕಪ್‌ನಲ್ಲಿ ಜಾಗ ಕೇಳಿಕೊಂಡು ಕಡಲ ದಂಡೆಗೆ ಹೋಗುವುದು. ಹಲವು ವರ್ಷ ಹೀಗೇ ಕಳೆಯಿತು. ಜಾಂಜಿಬಾರಿನಿಂದ ಬಂದ ಒಮಾನಿ ಮನೆತನದ ಸಬ್ರಾ ಎಂಬ ಹೊಲಿಗೆಯಾಕೆಯನ್ನು ಮದುವೆಯಾದರು. ಅವಳ ಮನೆಯಲ್ಲೂ ಸ್ವಾಹಿಲಿಯೇ ಮಾತು.

ನಮ್ಮ ಸಂಸ್ಥೆಗೆ ಹಕ್ಕಿ ಗೊತ್ತಿರುವವರು ಬೇಕೆಂದು ತಿಳಿದಾಗ ಅಂಗಡಿಯ ಯಜಮಾನನ ಮುಂದೆ ಹೋಗಿ ನಿಂತರು. ಆತ ಇವರ ಕಫೀಲ್, ವೀಸಾದ ಹೊಣೆ ಹೊತ್ತವನು; ಅವನ ಸಹಿಯಿಲ್ಲದೆ ಬೇರೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಬಿಡುವುದಿಲ್ಲ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮುದುಕ ಚಹಾ ಕುಡಿಸಿ, "ನಿನ್ನ ಮನಸ್ಸು ನಟ್ಟು ಬೋಲ್ಟಿನಲ್ಲಿ ಯಾವತ್ತು ಇತ್ತು? ಖಲಾಸ್, ಹೋಗು" ಎಂದು ಸಹಿ ಹಾಕಿಕೊಟ್ಟ. ಪ್ರತಿ ಈದ್‌ಗೂ ಕೊಂಬೊ ಮೊದಲು ಹೋಗುವುದು ಆ ಮನೆಗೆ.

ಕೊನೆಗೆ ಚಾಣದ ಗೂಡನ್ನು ನೋಡಿದರು. ಬೇಸಿಗೆಯ ಸುಡುವ ಬಂಡೆಯಲ್ಲಿ ಹಗ್ಗ ಕಟ್ಟಿಕೊಂಡು ಇಳಿದು, ಬಂಡೆಯ ಬಿರುಕಿನೊಳಗಿದ್ದ ಮರಿಗಳಿಗೆ ಬಳೆ ತೊಡಿಸಿದರು. ವರ್ಷದಿಂದ ವರ್ಷಕ್ಕೆ ಹೋಗಿ ನೋಡುತ್ತ, ಜನ ಪಿಕ್ನಿಕ್ಕಿಗೆ ಇಳಿಯುವ ದ್ವೀಪಗಳಲ್ಲಿ ಗೂಡುಗಳು ಕಡಿಮೆಯಾಗುತ್ತಿರುವುದನ್ನು ಕಂಡುಕೊಂಡರು. ಅದನ್ನು ಬರೆದು ಕಳಿಸಿ ಸುಮ್ಮನಾಗಲಿಲ್ಲ. ದಂಡೆಯ ಮೀನುಗಾರರ ಜೊತೆ ಕುಳಿತು, ಖರ್ಜೂರ ತಿನ್ನುತ್ತ, ಮರಿ ಮಾಡುವ ತಿಂಗಳುಗಳಲ್ಲಿ ಯಾರನ್ನೂ ದ್ವೀಪಕ್ಕೆ ಕರೆದೊಯ್ಯಬೇಡಿ ಎಂದು ಕೇಳಿಕೊಂಡರು. ಹೆಚ್ಚಿನವರು ಒಪ್ಪಿದರು. ಅವರ ಬಳೆ ತೊಟ್ಟ ಚಾಣವೊಂದು ಮಡಗಾಸ್ಕರಿನ ಹಳ್ಳಿಯೊಂದರಲ್ಲಿ ಕಾಣಿಸಿತೆಂದು ಅಲ್ಲಿನ ಮೇಷ್ಟರೊಬ್ಬರು ಫೋಟೋ ಕಳಿಸಿದಾಗ ಕೊಂಬೊ ಆಫೀಸಿನಲ್ಲೇ ಕಣ್ಣೊರೆಸಿಕೊಂಡರು. ನಾನು ನೀರು ತಂದುಕೊಟ್ಟೆ. "ತಲುಪಿದೆ, ಉಜ್ವಲಾ. ಅಷ್ಟು ದೂರ ಹೋಗಿ ತಲುಪಿದೆ" ಎಂದರು.

ನಾನು ಅವರಿಗೆ ಋಣಿಯಾದದ್ದು ಒಂದು ಆಗಸ್ಟಿನಲ್ಲಿ. ಸೊಹಾರ್ ಮತ್ತು ಮಸ್ಕತ್ ನಡುವಿನ ಕಡಲಲ್ಲಿ ನಾನು ನೀರಿನ ಮಾದರಿ ತೆಗೆಯಬೇಕಿತ್ತು, ಅವರು ಹಕ್ಕಿ ಎಣಿಸಬೇಕಿತ್ತು. ಸಂಸ್ಥೆಯ ದೋಣಿ ನಡೆಸುವವನು ಕುಂದಾಪುರದ ಕೊಗ್ಗ. ಕೊಂಬೊ ಆಡುವ ಇಂಗ್ಲಿಷ್ ಅವನಿಗೆ ತಿಳಿಯುತ್ತಿತ್ತು, ಮಾತು ಮಾತ್ರ ಕನ್ನಡದ್ದೇ. ಅವನಿಗೆ ಕೊಂಬೊ ಎಂಬ ಹೆಸರೆಂದರೆ ಬಹಳ ಇಷ್ಟ. "ನಮ್ಮ್ ಬದಿಯಂಗೆ ಮರದ್ ಗೆಲ್ಲಿಗೆ ಕೊಂಬೆ ಅಂತ್ರ್ ಕಾಣಿ. ಹಕ್ಕಿ ಕೂಕಂಬ್ಕೆ ಸರಿಯಾದ್ ಹೆಸ್ರೇ ಇಟ್ಟಿರ್" ಎನ್ನುತ್ತಿದ್ದ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕೊಂಬೊ ತೋಳು ಚಾಚಿ ಕೊಂಬೆಯಂತೆ ನಿಂತು ತೋರಿಸಿದ್ದರು.

ಮಧ್ಯಾಹ್ನ ಕಳೆದ ಮೇಲೆ ದಂಡೆಯ ಹಿಂದಿನ ಹಜರ್ ಬೆಟ್ಟಗಳ ಕಡೆಯಿಂದ ಕಂದು ಗೋಡೆಯಂತೆ ಧೂಳು ಎದ್ದು ಬಂತು. ದಂಡೆ ಸೇರಲು ಹೊತ್ತಿರಲಿಲ್ಲ. ಗಾಳಿ ದೋಣಿಯನ್ನು ಆಳ ಕಡಲಿಗೆ ತಳ್ಳಿತು. ದೊಡ್ಡ ಅಲೆಯೊಂದು ಮೇಲಿಂದ ಬಿದ್ದು ಫೋನುಗಳಿದ್ದ ಚೀಲವನ್ನು ಎಳೆದೊಯ್ದಿತು. ಬ್ಯಾಟರಿಗೆ ನೀರು ನುಗ್ಗಿ ರೇಡಿಯೊ, ದಾರಿ ತೋರಿಸುವ ಯಂತ್ರ ಎರಡೂ ಸತ್ತವು. ನಾನು ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಹೊರಗೆ ಸುರಿದೆ. ಗಾಳಿ ನಿಂತಾಗ ಮೂವರೂ ಉಸಿರಾಡುತ್ತಿದ್ದೆವು, ಆದರೆ ಸುತ್ತ ಧೂಳಿನ ಮಬ್ಬು. ಸೂರ್ಯ ಯಾವ ಕಡೆಗಿದ್ದಾನೆಂದೂ ತಿಳಿಯುತ್ತಿರಲಿಲ್ಲ.

ಕೊಗ್ಗ ಹಗ್ಗ ಎಳೆದೆಳೆದು ಎಂಜಿನ್ ಚಾಲೂ ಮಾಡಿದ. ಆಮೇಲೆ ಟ್ಯಾಂಕಿನೊಳಗೆ ನೋಡಿ ತಲೆ ಆಡಿಸಿದ.

"ಎಣ್ಣೆ ಸ್ವಲ್ಪವೇ ಇತ್ತ್ ಅಕ್ಕಾ. ಯಾವ್ ಬದಿಗ್ ಹೋಪುದ್? ತಪ್ ಬದಿಗೆ ಹೋರೆ ಇರಾನಿನ್ ಕಡಿಗೆ ಹೋಯ್ತ್ ದೋಣಿ."

ಮನೆಯಲ್ಲಿ ಗಂಡ ಶಿವಶರಣ, ಊರಿಂದ ಬಂದಿದ್ದ ಅತ್ತೆ, ಎಲ್ಲರೂ ಕಣ್ಣ ಮುಂದೆ ಬಂದರು. ಕೊಂಬೊ ನನ್ನ ಪಕ್ಕ ಬಂದು ಕುಳಿತರು.

"ಎಂಜಿನ್ ನಿಲ್ಲಿಸು ಕೊಗ್ಗ. ಎಣ್ಣೆ ಉಳಿಯಲಿ. ಉಜ್ವಲಾ, ನಿನ್ನ ಕಣ್ಣು ನನ್ನದಕ್ಕಿಂತ ಚುರುಕು. ಮೇಲೆ ನೋಡುತ್ತಿರು. ರೀವ ಹಕ್ಕಿಗಳು ಕಂಡರೆ ಹೇಳು."

"ಹಕ್ಕಿ ನೋಡುವ ಹೊತ್ತಾ ಇದು?" ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡು ನೋಡಿದೆ. ಸ್ವಲ್ಪ ಹೊತ್ತಿನಲ್ಲಿ ರೀವಗಳು ಕಂಡವು, ಹಳದಿ ಕೊಕ್ಕಿನ ಬಿಳಿ ಕಡಲಹಕ್ಕಿಗಳು. ನೀರಿಗೆ ಧುಮುಕಿ ಮೀನು ಹಿಡಿಯುತ್ತಿದ್ದವು.

"ಅಗೋ! ಆ ಕಡೆ ಹೋಗೋಣವೇ?"

"ಅವು ತಮ್ಮ ಹೊಟ್ಟೆಗೆ ಹಿಡಿಯುತ್ತಿವೆ, ಅಲ್ಲೇ ನುಂಗುತ್ತವೆ. ಅವುಗಳಿಂದ ದಾರಿ ತಿಳಿಯುವುದಿಲ್ಲ. ಮೀನನ್ನು ನುಂಗದೆ ಕೊಕ್ಕಿನಲ್ಲಿ ಅಡ್ಡ ಹಿಡಿದುಕೊಂಡು ಹೋಗುವುದು ಯಾವುದು ನೋಡು. ಅದಕ್ಕೆ ಮನೆಯಲ್ಲಿ ಮರಿಯಿದೆ. ಅದು ಅಡ್ಡಾಡುವುದಿಲ್ಲ, ಗೂಡಿನ ದ್ವೀಪಕ್ಕೆ ನೇರ ಹೋಗುತ್ತದೆ."

ನೋಡುತ್ತ ನೋಡುತ್ತ ಕಣ್ಣುರಿ ಬಂತು. ಕೊನೆಗೆ ಒಂದು ರೀವ, ಬೆಳ್ಳಿಯಂತೆ ಹೊಳೆಯುವ ಮೀನನ್ನು ಕಚ್ಚಿಕೊಂಡು ನಮ್ಮ ತಲೆಯ ಮೇಲಿಂದ ಹಾದುಹೋಯಿತು. ಅದರ ಹಿಂದೆ ಇನ್ನೊಂದು, ಅದೇ ದಿಕ್ಕಿಗೆ. ಮೂರನೆಯದೂ ಅದೇ ಕಡೆ ತಿರುಗಿದಾಗ ಕೊಂಬೊ ಕೊಗ್ಗನ ಬೆನ್ನು ತಟ್ಟಿದರು. "ಯಲ್ಲಾ, ಇದರ ಹಿಂದೆ ಬಿಡು!"

"ನೀವ್ ಕೈ ತೋರ್ಸಿ, ನಾನ್ ಬಿಡ್ತೆ" ಎಂದ ಕೊಗ್ಗ.

ಹಕ್ಕಿ ಮಬ್ಬಿನಲ್ಲಿ ಮರೆಯಾದರೆ ಎಂಜಿನ್ ನಿಲ್ಲಿಸುವುದು. ಇನ್ನೊಂದು ಮೀನು ಕಚ್ಚಿಕೊಂಡು ಬಂದರೆ ಮತ್ತೆ ಹೊರಡುವುದು. ಹೀಗೇ ಹೋಗುತ್ತಿರುವಾಗ ಮೊದಲು ಸದ್ದು ಕೇಳಿಸಿತು, ಸಂತೆಯ ಗದ್ದಲದಂತೆ ನೂರಾರು ಹಕ್ಕಿಗಳ ಕಿರುಚಾಟ. ಆಮೇಲೆ ಮಬ್ಬಿನೊಳಗಿಂದ ಬಂಡೆ ದ್ವೀಪವೊಂದು ಮೂಡಿತು. ಅದರ ಮರೆಯಲ್ಲಿ, ಬಿರುಗಾಳಿ ತಪ್ಪಿಸಿಕೊಳ್ಳಲು ಬಂದು, ಮೀನುಗಾರರ ದೋಣಿಯೊಂದು ಲಂಗರು ಹಾಕಿತ್ತು. ನಾನು ದ್ವೀಪದ ಮೇಲೆ ಜಿಗಿಯಲು ಹೊರಟೆ. ಕೊಂಬೊ ನನ್ನ ಕೈ ಹಿಡಿದರು.

"ಮರಿಗಳು ನೆಲದ ಮೇಲೇ ಇವೆ. ನಾವು ದೋಣಿಯಲ್ಲೇ ಇರೋಣ."

ಆ ದೋಣಿಯ ಮುದುಕ ಒಮಾನಿ, ಆದರೆ ಹುಟ್ಟಿದ್ದು ಜಾಂಜಿಬಾರಿನಲ್ಲಂತೆ. ಕೊಂಬೊ ಸ್ವಾಹಿಲಿಯಲ್ಲಿ ಬಾಯಿ ತೆರೆದದ್ದೇ ತಡ, ಆತ ನಮ್ಮನ್ನು ನೆಂಟರಂತೆ ಹತ್ತಿಸಿಕೊಂಡು, ಒಣ ಬಟ್ಟೆ ಕೊಟ್ಟು, ರೇಡಿಯೊದಲ್ಲಿ ದಂಡೆಗೆ ಸುದ್ದಿ ಮುಟ್ಟಿಸಿದ. ಬಿಸಿ ಚಹಾ ಕೈಗೆ ಬಂದಾಗ ನನಗೆ ಅಳು ಬಂತು. ಕೊಗ್ಗ ಮುಖ ತಿರುಗಿಸಿಕೊಂಡು ಹಗ್ಗ ಸುತ್ತತೊಡಗಿದ.

"ನಿಮ್ಮಿಂದ ಬದುಕಿದೆ" ಎಂದೆ ಕೊಂಬೊ ಅವರಿಗೆ.

"ನೋಡಿದವಳು ನೀನು, ಎಂಜಿನ್ ಎಬ್ಬಿಸಿದವನು ಅವನು" ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು: "ಇಷ್ಟು ವರ್ಷ ನಾನು ಇವುಗಳಿಗೆ ಏನೋ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಇವತ್ತು ಇವು ನನಗೆ ಮಾಡಿದವು."

ಮುಂದಿನ ಶುಕ್ರವಾರ ಅತ್ತೆ ನಾಗವ್ವ ಹಟ ಹಿಡಿದು ಅವರನ್ನೂ ಸಬ್ರಾಳನ್ನೂ ಕೊಗ್ಗನನ್ನೂ ಊಟಕ್ಕೆ ಕರೆಸಿದರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಆದರೂ ಅತ್ತೆ ಕೊಂಬೊ ಅವರ ಎದುರು ಕುಳಿತು ರೊಟ್ಟಿ ಮುರಿದು ಹಾಕುತ್ತ ಮಾತಾಡುತ್ತಲೇ ಇದ್ದರು.

"ನಮ್ಮ ಸೊಸಿನ್ನ ಜೀವಂತ ಮನಿಗೆ ಮುಟ್ಟಿಸಿದಿ ನೋಡಪಾ. ನಿನ್ನ ಹೆತ್ತಾಕಿ ಪುಣ್ಯಾ ಮಾಡ್ಯಾಳ. ನಿನ್ನ ಹೊಟ್ಟಿ ತಣ್ಣಗಿರ್ಲಿ. ಇನ್ನೊಂದು ರೊಟ್ಟಿ ಹಾಕ್ಲೇನು?"

ಕೊಂಬೊ ನನ್ನ ಕಡೆ ನೋಡಿದರು. ನಾನು ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹೆತ್ತವಳ ಮಾತು ಬಂದಾಗ ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಆಮೇಲೆ ತಟ್ಟೆಯನ್ನು ಅತ್ತೆಯ ಕಡೆಗೆ ಚಾಚಿದರು.

ಅವರು ಈ ವರ್ಷ ನಿವೃತ್ತರಾದರು. ಸಂಸ್ಥೆಯ ಹಕ್ಕಿ ಕೆಲಸವನ್ನು ಈಗ ಅವರೇ ಕಲಿಸಿ ತಯಾರು ಮಾಡಿದ ಇಬ್ಬರು ಒಮಾನಿ ಹುಡುಗಿಯರು ನೋಡಿಕೊಳ್ಳುತ್ತಾರೆ. ದೋಣಿಯಲ್ಲಿ ಈಗ ಬೇರೆಯಾಗಿಯೇ ಒಂದು ದಿಕ್ಸೂಚಿಯಿದೆ, ಎರಡು ಕ್ಯಾನ್ ಹೆಚ್ಚುವರಿ ಎಣ್ಣೆಯಿದೆ. ಕೊಗ್ಗ ಎರಡನ್ನೂ ನೋಡದೆ ಹಗ್ಗ ಬಿಚ್ಚುವುದಿಲ್ಲ. ಕೊಂಬೊ ಮತ್ತು ಸಬ್ರಾ ವಾದಿ ಕಬೀರ್‌ನಲ್ಲೇ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿದ್ದಾರೆ. ಇಂಡಿಯನ್ ಸ್ಕೂಲಿನ ಮಕ್ಕಳಿಗೆ ಕಡಲ ದಂಡೆಯಲ್ಲಿ ಹಕ್ಕಿ ತೋರಿಸಬಹುದೇ ಎಂದು ಹೋದ ವಾರ ಅವರ ಮನೆಗೆ ಹೋಗಿ ಕೊಂಬೊ ಅವರನ್ನು ಕೇಳಿದೆ. ಅವರು ಒಪ್ಪುವ ಮೊದಲೇ ಸಬ್ರಾ ಒಳಗಿನಿಂದ ಕೂಗಿದಳು: "ಎಷ್ಟು ಮಕ್ಕಳು ಅಂತ ಹೇಳಿದರೆ ಸಾಕು. ಅಷ್ಟು ಜನಕ್ಕೂ ಮಂದಾಜಿ ಬನ್ ಕರಿಯಬೇಕು ನಾನು."