ಮೌನದಲ್ಲಿ ಕೇಳಿಸಿದ್ದು

ನೀಲವ್ವ, ಆ ದಿನ ನೀವು ಹೇಳಿದ್ದು ನನಗೆ ಕೇಳಿಸಿತ್ತು. ಒಂದೊಂದು ಮಾತೂ ಕೇಳಿಸಿತ್ತು. ಧ್ಯಾನದಲ್ಲಿದ್ದೆ, ಏನೂ ತಿಳಿಯಲಿಲ್ಲ ಎಂದು ಆಮೇಲೆ ನಿಮಗೂ ಊರಿನವರಿಗೂ ಹೇಳಿದ್ದು ಸುಳ್ಳು.

ಇದನ್ನು ನಡೆದ ಹಾಗೆಯೇ ಬರೆಯಬೇಕು. ಬರೆಯಲು ಕುಳಿತಾಗೆಲ್ಲ ನನಗೆ ಅನುಕೂಲವಾದ ಒಂದು ಮಾತು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ — ಅದನ್ನು ಹೊಡೆದುಹಾಕಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ.

ಬೆಳಗಾವಿಯ ರವಿವಾರ ಪೇಟೆಯಲ್ಲಿ ನಮ್ಮದು ಬೆಲ್ಲದ ಸಗಟು ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ನನಗೆ ಕೆಲವು ದಿನ ದೇವರೊಂದಿಗೆ ಒಬ್ಬನೇ ಇರಬೇಕು ಅನ್ನಿಸಿತು. ಖಾನಾಪುರದಾಚೆ, ಹಲಸಿಯ ಹತ್ತಿರ, ನಿಮ್ಮ ಹೊಲಕ್ಕೆ ಹೊಂದಿಕೊಂಡ ಹಳೆಯ ಮಠದ ಕೋಣೆಯಲ್ಲಿ ಮೌನಾನುಷ್ಠಾನಕ್ಕೆ ಕೂರುತ್ತೇನೆ ಎಂದೆ. ತಮ್ಮ ಹಮಾಲರ ಮುಂದೆಯೇ ನಕ್ಕ.

"ಅಣ್ಣಾ, ನೀ ಬಾಯಿ ಮುಚ್ಚಿ ಕುಂದರಾಂವ? ಬೆಲ್ಲದ ರೇಟ್ ಕೇಳದ ನಿನಗ ಊಟ ಇಳೀತೈತೇನ? ಎರಡ ದಿನದಾಗ ಓಡಿ ಬರ್ತಿ ನೋಡ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡೇ, ನಾನೇ ಕಾರು ನಡೆಸಿಕೊಂಡು ಹೊರಟೆ. ದೇವರ ಹತ್ತಿರ ಹೊರಟವನು ಹಾಗೆ ಹೊರಡಬಾರದಿತ್ತು.

ಮೊದಲ ದಿನಗಳು ನಿಜಕ್ಕೂ ಚೆನ್ನಾಗಿದ್ದವು. ಅಂಗೈಯಲ್ಲಿ ಲಿಂಗ, ಎದುರಿಗೆ ಬರೀ ಗೋಡೆ. ನೀವು ಬೆಳಿಗ್ಗೆ ಹಾಲು, ಬಾಳೆಹಣ್ಣು ಹೊಸ್ತಿಲಲ್ಲಿಟ್ಟು ಸದ್ದಿಲ್ಲದೆ ಹೋಗುತ್ತಿದ್ದಿರಿ. ಆಮೇಲೆ ಜನ ಬರತೊಡಗಿದರು. ಅನುಷ್ಠಾನಕ್ಕೆ ಕುಳಿತವರ ಕೈಯಿಂದ ವಿಭೂತಿ ಪಡೆಯುವುದು ನಮ್ಮಲ್ಲಿ ರೂಢಿ. ಅವರು ಕಷ್ಟ ಹೇಳಿಕೊಳ್ಳುತ್ತಿದ್ದರು. ನಾನು ಮಾತಿಲ್ಲದೆ ಒಂದು ಚಿಟಿಕೆ ಕೊಡುತ್ತಿದ್ದೆ. ಅದನ್ನೇ ಉತ್ತರವೆಂದು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಬಂದ ದಿನ ನನ್ನನ್ನು 'ಸಾವಕಾರ್ರ' ಅಂದಿದ್ದ ನೀವು, ಸ್ವಾಮಿಗಳನ್ನು ಕರೆಯುವ ಹಾಗೆ 'ಅಪ್ಪಾರ' ಅನ್ನತೊಡಗಿದಿರಿ. ನನಗೆ ಅದು ಹಿತವಾಯಿತು. ಎಷ್ಟು ಹಿತವಾಯಿತೆಂದರೆ — ಗೋಡೆಯ ಕಡೆಗಿದ್ದ ನನ್ನ ಮಣೆಯನ್ನು ಬಾಗಿಲಿನ ಕಡೆಗೆ ತಿರುಗಿಸಿಕೊಂಡೆ.

ಅನುಷ್ಠಾನ ಮುಗಿಸುವ ಮಂಗಲಕ್ಕೆ ಒಂದು ದಿನ ಉಳಿದಿತ್ತು. ಮರುದಿನ ತಮ್ಮ, ಬೀಗರು, ಪೇಟೆಯವರು ಬಂದು ನನ್ನ ಮೌನ ಬಿಡಿಸುವವರಿದ್ದರು. ಆ ಮಧ್ಯಾಹ್ನ ನೀವು ಓಡಿ ಬಂದಿರಿ. ಸೆರಗು ಹೆಗಲ ಮೇಲಿರಲಿಲ್ಲ, ಕೈಗೆಲ್ಲ ಹಸಿ ಹುಲ್ಲು ಮೆತ್ತಿತ್ತು.

"ಅಪ್ಪಾರ, ನಮ್ಮ ಮನಿಯವರಿಗೆ ಹುಲ್ಲ ಕೊಯ್ಯೂ ಮುಂದ ಕಾಲಿಗೆ ಏನೋ ಕಚ್ಚೇತ್ರಿ. ಮುಳ್ಳ ಇರಬೇಕ ಬಿಡ ಅಂದ್ರು. ಈಗ ನೋಡಿದ್ರ ಕಣ್ಣರೆಪ್ಪಿ ಎತ್ತಾಕ ಆಗವಲ್ದು, ನಾಲಗಿ ತೊಡರಾಕತ್ತೈತ್ರಿ. ಖಾನಾಪುರ ದವಾಖಾನಿಗೆ ಒಯ್ಯಲ್ಯಾ? ಬಸ್ಸೂ ಹೋಗಿಬಿಟ್ಟೈತಿ. ಇಲ್ಲಾ ನಿಮ್ಮ ವಿಭೂತಿನ ಸಾಕೇನ್ರಿ?"

ನೀವು ನನ್ನ ಕಾರು ಕೇಳಲಿಲ್ಲ. ಒಮ್ಮೆ ಮಾತ್ರ ಹಿಂತಿರುಗಿ, ಮರದ ಕೆಳಗೆ ನಿಂತಿದ್ದ ಅದರ ಕಡೆ ನೋಡಿದಿರಿ. ಅದನ್ನು ನಾನು ಕಂಡೆ. ಕೀಲಿ ನನ್ನ ಚೀಲದಲ್ಲೇ ಇತ್ತು. ಎದ್ದು ಕಾರು ತೆಗೆಯುವುದಕ್ಕೆ ಮಾತೂ ಬೇಕಿರಲಿಲ್ಲ —

ಎದ್ದರೆ ಅನುಷ್ಠಾನ ಕೆಡುತ್ತದೆ, ಕೆಟ್ಟರೆ ನಾಳೆ ತಮ್ಮ ನಗುತ್ತಾನೆ. ನಾನು ಯೋಚಿಸಿದ್ದು ಇಷ್ಟೇ. ದೇವರ ನೆನಪು ಆ ಗಳಿಗೆಯಲ್ಲಿ ಬರಲೇ ಇಲ್ಲ. ಬಲಗೈ ಚಾಚಿ ವಿಭೂತಿ ಕೊಟ್ಟೆ. ನಿಮ್ಮ ಮುಖ ಹಗುರಾಯಿತು. "ಗುಣಾ ಆಗ್ತಾರಲ್ರಿ?" ಅಂದಿರಿ. ನಾನು ಕಣ್ಣನ್ನು ಲಿಂಗದ ಮೇಲೆ ಇಳಿಸಿದೆ.

ಸಂಜೆಯಾಗುವ ಮೊದಲೇ ನಿಮ್ಮ ಮನೆಯ ಕಡೆಯಿಂದ ಅಳು ಕೇಳಿಸಿತು. ಆಗಲೂ ನಾನು ಏಳಲಿಲ್ಲ.

ಮರುದಿನ ಬಂದ ತಮ್ಮ ನಗಲಿಲ್ಲ. "ಅಣ್ಣಾ, ಆ ತಾಯಿ ಬಂದು ಹೇಳಿದ್ದು ನಿನಗ ಕೇಳಿಸಲೇ ಇಲ್ಲೇನು?" ಎಂದು ಎಲ್ಲರೆದುರು ಕೇಳಿದ.

"ಇಲ್ಲ. ಧ್ಯಾನದಾಗಿದ್ನಿ."

ಅಷ್ಟು ದಿನಗಳ ಮೌನದ ನಂತರ ನನ್ನ ಬಾಯಿಂದ ಬಂದ ಮೊದಲ ಮಾತು ಅದು. "ಎಂಥಾ ಏಕಾಗ್ರತಾ ಇರಬೇಕ ನೋಡ್ರಿ," ಎಂದು ಯಾರೋ ಅಂದರು. ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ವರ್ಷಗಳು ಕಳೆದವು. ಸತ್ಯ ಹೇಳಿದರೂ ಹೋದವರು ಬರುವುದಿಲ್ಲ, ನಿಮಗೆ ನೋವಷ್ಟೇ ಹೆಚ್ಚು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಹೋದ ತಿಂಗಳು ಖಾನಾಪುರದ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ನಾನು ತಪ್ಪಿಸಿಕೊಳ್ಳುವ ಮೊದಲೇ ಕಾಲಿಗೆ ಬಿದ್ದಿರಿ.

"ಅಪ್ಪಾರ, ಅವತ್ತ ನಿಮ್ಮ ಧ್ಯಾನದಾಗ ಅಡ್ಡ ಬಂದ್ನೆಲ್ರಿ, ಅದಕ್ಕ ದೇವ್ರು ಅವರನ್ನ ಕರ್ಕೊಂಡ. ನಾನ ಕಳಕೊಂಡ್ನಿ. ತಪ್ಪ ಹೋಗ್ಲಿ ಅಂತ ಸೋಮವಾರಕ್ಕೊಮ್ಮಿ ಉಪಾಸ ಮಾಡ್ತೇನ್ರಿ. ಇನ್ನ ಎಷ್ಟ ವರ್ಷ ಮಾಡ್ಲಿ, ಹೇಳ್ರಿ?"

ಮತ್ತೆ ಅದೇ — ನೀವು ಕೇಳುತ್ತಿದ್ದೀರಿ, ನಾನು ಬಾಯಿ ಮುಚ್ಚಿ ನಿಂತಿದ್ದೇನೆ. ಬೆಳಗಾವಿಯ ಬಸ್ಸು ಬಂತು. ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದಾಗ ನೀವು ಇನ್ನೂ ಕೈ ಮುಗಿದೇ ನಿಂತಿದ್ದಿರಿ.

ನನ್ನ ಸುಳ್ಳು ನಿಮ್ಮ ತಪ್ಪಾಗಿ ಇಷ್ಟು ವರ್ಷ ನಿಮ್ಮ ಮನೆಯಲ್ಲಿ ಬದುಕಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೇ? ಹೌದು ಎಂದು ಬರೆಯಲು ನನಗೆ ಧೈರ್ಯ ಸಾಲದು.

ನೀವು ಯಾವ ಧ್ಯಾನವನ್ನೂ ಕೆಡಿಸಲಿಲ್ಲ, ನೀಲವ್ವ. ಅಲ್ಲಿ ಧ್ಯಾನವೇ ಇರಲಿಲ್ಲ. ಎಚ್ಚರವಾಗಿದ್ದ ಒಬ್ಬ ಮನುಷ್ಯ ಕುಳಿತಿದ್ದ, ನೀವು ಸರಿಯಾದ ಹೊತ್ತಿಗೆ ಅವನ ಬಳಿ ಬಂದಿದ್ದಿರಿ.

ನಿಮಗೆ ಓದಲು ಬರುವುದಿಲ್ಲ. ಬೇರೆ ಯಾರೋ ಇದನ್ನು ಓದಿ ಹೇಳುವುದು ಬೇಡ. ನಾನೇ ಬಂದು, ಅಂದು ನನಗೆ ಶಾಲು ಹೊದಿಸಿದವರ ಎದುರಿಗೇ, ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಈ ಸೋಮವಾರದ ಉಪವಾಸಕ್ಕೆ ಮೊದಲೇ ಬರುತ್ತೇನೆ.