ಇಪ್ಪತ್ತು ಸೆಕೆಂಡಿನ ಸೈರನ್

ಶಿಕಾರಿಪುರದ ಬಸ್ ನಿಲ್ದಾಣದಿಂದ ಶಿರಾಳಕೊಪ್ಪದ ರಸ್ತೆಗೆ ತಿರುಗಿ ನೂರು ಹೆಜ್ಜೆ ನಡೆದರೆ ಸಂಗಮೇಶನ ರೇಡಿಯೋ ರಿಪೇರಿ ಅಂಗಡಿ ಸಿಗುತ್ತಿತ್ತು. ಒಂದೇ ಬಾಗಿಲಿನ ಅಂಗಡಿ. ಒಳಗೆ ಮುಚ್ಚಳ ತೆಗೆದಿಟ್ಟ ಟೇಪ್‌ರೆಕಾರ್ಡರ್‌ಗಳು, ಬೆಸುಗೆ ಹಾಕಿದ ಸೀಸದ ವಾಸನೆ. ಅಪ್ಪ ಈಸೂರಿನಲ್ಲಿ ಗದ್ದೆ ಮಾಡಿಕೊಂಡಿದ್ದವರು. ಮಗನಿಗೆ ಆ ಕೆಲಸ ಒಗ್ಗಲಿಲ್ಲ. ದಾವಣಗೆರೆಯಲ್ಲಿ ಎರಡು ವರ್ಷ ರೇಡಿಯೋ ಕೆಲಸ ಕಲಿತು ಬಂದು ಅಂಗಡಿ ಹಾಕಿದ. ಕೈ ಚುರುಕು, ಮಾತು ಕಡಿಮೆ. ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬುದೊಂದೇ ಅವನ ಮೇಲೆ ಜನರಿಗಿದ್ದ ದೂರು.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಶಿಕಾರಿಪುರ, ಸೊರಬ ಎರಡೂ ಕಡೆ ಹಾಡಹಗಲೇ ಮನೆಗಳ್ಳತನ ಶುರುವಾಯಿತು. ಮನೆಯವರು ಹೊಲಕ್ಕೋ ಮದುವೆಗೋ ಹೋದದ್ದನ್ನು ನೋಡಿಕೊಂಡು ಬೀಗ ಒಡೆಯುತ್ತಿದ್ದರು. ಸಂಗಮೇಶ ಶಿವಮೊಗ್ಗದಿಂದ ಕಳ್ಳರು ಬಂದರೆ ಕೂಗುವ ಸೈರನ್ನಿನ ಒಂದು ಪೆಟ್ಟಿಗೆ ತಂದು, ಬಿಚ್ಚಿ, ಅದರ ಮರ್ಮ ತಿಳಿದುಕೊಂಡ. ಬಾಗಿಲಿಗೊಂದು ಅಯಸ್ಕಾಂತ, ಅದರ ಎದುರು ಚೌಕಟ್ಟಿಗೊಂದು ಸ್ವಿಚ್ಚು. ಎರಡೂ ದೂರವಾದರೆ ಸೂರಿನ ಕೆಳಗಿನ ಹಾರ್ನ್ ಕೂಗುತ್ತದೆ. ಪೆಟ್ಟಿಗೆಯೊಳಗೆ ಮೂರು ಪುಟ್ಟ ತಿರುಪುಗಳು. ಒಂದರಿಂದ ಬಾಗಿಲು ತೆರೆದ ಎಷ್ಟು ಹೊತ್ತಿಗೆ ಕೂಗಬೇಕು, ಇನ್ನೊಂದರಿಂದ ಎಷ್ಟು ಹೊತ್ತು ಕೂಗಬೇಕು, ಮತ್ತೊಂದರಿಂದ ಎಷ್ಟು ಏರು ದನಿಯಲ್ಲಿ ಕೂಗಬೇಕು ಎಂದು ಗೊತ್ತುಮಾಡಬಹುದು. ಆರು ತಿಂಗಳಲ್ಲಿ ಹನ್ನೊಂದು ಮನೆಗಳಿಗೆ ಸಂಗಮೇಶ ಸೈರನ್ ಕೂರಿಸಿದ.

ಅವುಗಳಲ್ಲಿ ಸೊರಬದ ವರದಮ್ಮನ ಮನೆಯೂ ಒಂದು. ಐವತ್ತೆರಡು ವರ್ಷದ ವರದಮ್ಮ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಸೌಂದರ್ಯ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶಿಕಾರಿಪುರದ ಕಾಲೇಜಿಗೆ ಹೋಗಿ ಸಂಜೆ ಬರುತ್ತಿದ್ದಳು. ಹಗಲೆಲ್ಲ ತಾಯಿ ಒಬ್ಬರೇ. ಹಾಗಾಗಿ, ತಾವು ಒಳಗಿದ್ದಾಗಲೇ ಯಾರಾದರೂ ನುಗ್ಗಿದರೆ ಒತ್ತುವುದಕ್ಕೆ ಒಂದು ಗುಂಡಿ ಬೇಕೆಂದು ಅವರು ಕೇಳಿದರು. ಸಂಗಮೇಶ ಬಾಗಿಲ ಪಕ್ಕದ ಗೋಡೆಗೆ ಕೆಂಪು ಗುಂಡಿ ಕೂರಿಸಿ, ಸೈರನ್ ಹತ್ತು ನಿಮಿಷ ಕೂಗುವಂತೆ ತಿರುಪು ತಿರುಗಿಸಿ ಕೊಟ್ಟ.

ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ತೇವಕ್ಕೆ ಬಾಗಿಲು ಉಬ್ಬಿ ಚೌಕಟ್ಟಿನೊಳಗೆ ಸರಿಯಾಗಿ ಕೂರುತ್ತಿರಲಿಲ್ಲ. ವರದಮ್ಮ ಬೀಗ ಹಾಕಿಕೊಂಡು ಹೊಲಿದ ಬಟ್ಟೆ ಕೊಡಲು ಹೋದಾಗ ಗಾಳಿ ಜೋರಾಗಿ ಬೀಸಿದರೆ ಬಾಗಿಲು ಅಲುಗಿ ಸೈರನ್ ಕೂಗಿಬಿಡುತ್ತಿತ್ತು. ಎದುರು ಮನೆಯ ಉಜ್ಜಪ್ಪ ಕುರಿ ಸಾಕುವವನು. ಮೊದಲ ಸಲ ದೊಣ್ಣೆ ಹಿಡಿದು ಓಡಿ ಬಂದ. ಎರಡನೆಯ ಸಲವೂ ಬಂದ. ಐದನೆಯ ಸಲ ಜಗಲಿಯಿಂದಲೇ ಕತ್ತೆತ್ತಿ ನೋಡಿದ. ಪಕ್ಕದ ಶಾಲೆಯ ಹೆಡ್‌ಮಾಸ್ತರು ಹತ್ತು ನಿಮಿಷ ಪಾಠ ನಿಂತುಹೋಗುತ್ತದೆ ಎಂದು ಬೇಸರ ಮಾಡಿಕೊಂಡರು.

ವರದಮ್ಮ ಮಗಳ ಕೈಲಿ ಮೂರು ಸಲ ಹೇಳಿಕಳಿಸಿದ ಮೇಲೆ ಸಂಗಮೇಶ ಸೊರಬಕ್ಕೆ ಹೋದ. ಬಾಗಿಲು ಬಿಚ್ಚಿ ತೋಪಡಾ ಹೊಡೆಸಿ ಅಂಚು ಸವೆಸಬೇಕು, ಅಯಸ್ಕಾಂತವನ್ನು ಬೇರೆ ಕಡೆ ಕೂರಿಸಬೇಕು ಎಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅದಕ್ಕೆ ಬಡಗಿ ಬರಬೇಕಿತ್ತು. ಬಡಗಿ ಅಂದು ಊರಲ್ಲಿರಲಿಲ್ಲ. ಸಂಗಮೇಶನಿಗೆ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ಎರಡನೆಯ ತಿರುಪನ್ನು ತಿರುಗಿಸಿದ. ಹತ್ತು ನಿಮಿಷದ ಕೂಗು ಇಪ್ಪತ್ತು ಸೆಕೆಂಡಿಗೆ ಇಳಿಯಿತು. ಒಮ್ಮೆ ಕೂಗಿಸಿ ತೋರಿಸಿ, ಇನ್ನು ಯಾರಿಗೂ ತೊಂದರೆ ಇಲ್ಲ, ಬಾಗಿಲಿನ ಕೆಲಸಕ್ಕೆ ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಹೊರಟ. ಗೋಡೆಯ ಗುಂಡಿಗೂ ಅದೇ ತಿರುಪು. ಅದು ಆಗ ಹೊಳೆಯಲಿಲ್ಲವೋ, ಹೊಳೆದರೂ ಆಮೇಲೆ ನೋಡೋಣ ಎಂದುಕೊಂಡನೋ, ಮುಂದೆ ಎಷ್ಟು ಯೋಚಿಸಿದರೂ ಅವನಿಗೇ ತಿಳಿಯಲಿಲ್ಲ. ಮುಂದಿನ ವಾರ ಅವನು ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ದೀಪಾವಳಿ ಕಳೆದು ಹತ್ತು ದಿನಕ್ಕೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ವರದಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಲು ಸ್ಟೂಲು ಹತ್ತಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕೂಗಿದರೆ ದನಿ ಬೀದಿಗೆ ಹೋಗಲಿಲ್ಲ. ಮೊಣಕೈಯೂರಿ ತೆವಳಿಕೊಂಡು ಬಾಗಿಲವರೆಗೆ ಬಂದರು. ಗುಂಡಿ ಕೈಗೆಟಕಲಿಲ್ಲ. ಮತ್ತೆ ಹೊಲಿಗೆ ಮಿಷಿನ್ನಿನ ತನಕ ತೆವಳಿ, ಬಟ್ಟೆ ಅಳೆಯುವ ಮರದ ಪಟ್ಟಿ ತಂದು ಅದರ ತುದಿಯಿಂದ ಒತ್ತಿದರು. ಸೈರನ್ ಇಪ್ಪತ್ತು ಸೆಕೆಂಡು ಕೂಗಿ ನಿಂತಿತು. ಸ್ವಲ್ಪ ಹೊತ್ತು ಕಾದು ಮತ್ತೆ ಒತ್ತಿದರು. ಹೀಗೆ ಏಳು ಸಲ. ಉಜ್ಜಪ್ಪ ಜಗಲಿಯಲ್ಲಿ ಕೂತು ಮರಿಗಳ ಬುಟ್ಟಿ ಸರಿಮಾಡುತ್ತಿದ್ದ. ಏಳು ಸಲವೂ ಅವನಿಗೆ ಕೇಳಿಸಿತು. ಬಾಗಿಲಿನದ್ದು ಇದ್ದದ್ದೇ ಎಂದುಕೊಂಡ.

ಎರಡು ಗಂಟೆಗೆ ರವಿಕೆ ತೆಗೆದುಕೊಂಡು ಹೋಗಲು ಬಂದ ವನಜಮ್ಮ ಎಂಬ ಹೆಂಗಸು ಕಿಟಕಿಯಲ್ಲಿ ಇಣುಕಿ ನೋಡಿ ಬೊಬ್ಬೆ ಹಾಕಿದಳು. ಆಗ ಉಜ್ಜಪ್ಪನೇ ಬಾಗಿಲು ಮುರಿದು ವರದಮ್ಮನನ್ನು ಎತ್ತಿದ್ದು.

ಈ ಸುದ್ದಿಯನ್ನು ಸಂಗಮೇಶನಿಗೆ ಹೇಳಿದವನು ಸೊರಬದ ಬಸ್ಸಿನ ಕಂಡಕ್ಟರು. ಹೊಲಿಗೆಯಮ್ಮ ಬಿದ್ದರಂತೆ, ಮೂರು ತಾಸು ಯಾರೂ ಬರಲಿಲ್ಲವಂತೆ ಎಂದಷ್ಟೇ ಅವನಿಗೂ ಗೊತ್ತಿತ್ತು. ಹತ್ತು ನಿಮಿಷ ಕೂಗಿದರೂ ಬರಲಿಲ್ಲವೇ ಎಂದು ಕೇಳಲು ಬಾಯಿ ತೆರೆದ ಸಂಗಮೇಶನಿಗೆ ತಿರುಪು ನೆನಪಾಯಿತು. ಆ ದಿನ ಅವನು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋಗಿ ಹೆಂಡತಿ ಜಗದಾಂಬಳಿಗೆ ಎಲ್ಲವನ್ನೂ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡಳು.

“ನಂಗೆ ಹೇಳಿದ್ರೆ ಏನ್ ಬಂತ್ರೀ? ಅವರಿಗೆ ಹೇಳ್ರೀ” ಎಂದಳು.

ವರದಮ್ಮ ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಬಂದದ್ದು ಒಂದೂವರೆ ತಿಂಗಳ ಮೇಲೆ. ಸಂಗಮೇಶ ಅಲ್ಲಿಯವರೆಗೆ ಕಾದ. ಅವನು ಹೋದಾಗ ಅವರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಸೌಂದರ್ಯ ಕೆಳಗೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಕೂರಲು ಕೊಟ್ಟ ಕುರ್ಚಿಯಲ್ಲಿ ಸಂಗಮೇಶ ಕೂರಲಿಲ್ಲ.

“ಅಕ್ಕಾರೇ, ಸೈರನ್ನು ಮೊದಲು ಹತ್ತು ನಿಮಿಷ ಕೂಗ್ತಿತ್ರೀ. ಇಪ್ಪತ್ತು ಸೆಕೆಂಡಿಗೆ ಇಳಿಸಿದ್ದು ನಾನು. ಬಾಗಿಲು ಸರಿ ಮಾಡಿಸಿದ್ರೆ ಇಳಿಸೋದೇ ಬೇಕಿರಲಿಲ್ಲ. ಬಸ್ಸಿಗೆ ಹೊತ್ತಾತು ಅಂತ ಹೋಗಿಬಿಟ್ಟೆ.”

ಸೌಂದರ್ಯ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಎದ್ದು ಒಳಗೆ ಹೋದಳು. ಉಜ್ಜಪ್ಪ ಆಸ್ಪತ್ರೆಗೆ ಬಂದಿದ್ದ, ಕಾಲ ಹತ್ತಿರ ನಿಂತು ಅತ್ತ ಎಂದರು ವರದಮ್ಮ.

“ಕೇಳಿಸ್ತು ವರದಕ್ಕ, ಗಾಳಿ ಅಂದ್ಕಂಡೆ ಅಂದ. ಕೇಳಿಸಲಿಲ್ಲ ಅಂದಿದ್ರೆ ನಂಗೆ ಚೂರು ಸಮಾಧಾನ ಆಗ್ತಿತ್ತು ಕಣಪ್ಪ.”

ಪೆಟ್ಟಿಗೆ ಬಿಚ್ಚಿಕೊಂಡು ಹೋಗಲೇ ಎಂದು ಸಂಗಮೇಶ ಕೇಳಿದ.

“ಬಿಚ್ಚಿದ್ರೆ ನಂಗೆ ಇನ್ನೇನಿದೆ? ನಾಳೆನೂ ಹಗಲೆಲ್ಲ ಒಬ್ಬಳೇ ಇರ್ಬೇಕು. ಕೇಳಿಸಿದವರು ಬರೋ ಹಾಗೆ ಮಾಡು.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಸಂಗಮೇಶ ಅಂಗಡಿಗೆ ಬಂದು ಹದಿನೈದು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹೊಸ ಪೆಟ್ಟಿಗೆಯೊಂದರಲ್ಲಿ ಬಾಗಿಲಿನ ತಂತಿಯನ್ನೂ ಗುಂಡಿಯ ತಂತಿಯನ್ನೂ ಬೇರೆ ಬೇರೆ ಮಾಡಿದ. ಬಾಗಿಲು ತೆರೆದರೆ ಸೈರನ್ ಬಿಟ್ಟು ಬಿಟ್ಟು ಎರಡು ನಿಮಿಷ ಕೂಗಿ ನಿಲ್ಲಬೇಕು. ಗುಂಡಿ ಒತ್ತಿದರೆ ಒಂದೇ ಎಳೆಯಾಗಿ ಕೂಗಬೇಕು, ಇನ್ನೊಬ್ಬರು ಬಂದು ಕೈಯಿಂದ ಆರಿಸುವ ತನಕ ನಿಲ್ಲಬಾರದು. ಬಡಗಿಯನ್ನು ತಾನೇ ಕರೆದುಕೊಂಡು ಸೊರಬಕ್ಕೆ ಹೋಗಿ ಬಾಗಿಲು ಸರಿ ಮಾಡಿಸಿ, ಗುಂಡಿಯನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಸಿದ. ಎಲ್ಲ ಮುಗಿದ ಮೇಲೆ ಉಜ್ಜಪ್ಪ, ಅವನ ಹೆಂಡತಿ ತಾಯಮ್ಮ, ಹೆಡ್‌ಮಾಸ್ತರು, ಆಚೀಚೆ ಮನೆಯವರನ್ನು ಅಂಗಳಕ್ಕೆ ಕರೆದು ಎರಡೂ ಸದ್ದು ಕೇಳಿಸಿದ. ಮೊದಲನೆಯದು ಕೇಳಿದರೆ ಕಣ್ಣು ಹಾಯಿಸಿ ಸಾಕು, ಎರಡನೆಯದು ಕೇಳಿದರೆ ಏನೇ ಕೆಲಸವಿದ್ದರೂ ಬಿಟ್ಟು ಬನ್ನಿ ಎಂದು ಕೈಮುಗಿದ. ಜನರ ಎದುರು ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಉಜ್ಜಪ್ಪ ಎರಡನೆಯ ಸದ್ದು ನಿಂತ ಮೇಲೂ ತಲೆ ತಗ್ಗಿಸಿಕೊಂಡೇ ಇದ್ದ.

ಇದೇ ಥರದ ಗುಂಡಿ ಕೂರಿಸಿಕೊಡುತ್ತೇನೆಂದು ಉಳಿದ ಹತ್ತು ಮನೆಗಳಿಗೂ ಹೋದ. ಎಲ್ಲರೂ ಒಪ್ಪಲಿಲ್ಲ. ಶಿಕಾರಿಪುರದ ಅಕ್ಕಿ ಗಿರಣಿಯ ಮಹೇಶ್ವರಪ್ಪ, ಇದನ್ನು ಹಾಕಿಸಿದ್ದು ಕಳ್ಳರಿಗೆ, ನೆಂಟರನ್ನು ಕರೆಯೋದಕ್ಕಲ್ಲ ಎಂದು ಹೇಳಿ ಪೆಟ್ಟಿಗೆ ಮುಟ್ಟಗೊಡಲಿಲ್ಲ. ತಾಳಗುಂದದ ಮಾಳಮ್ಮನ ಮನೆಯಲ್ಲಿ ಮಾತ್ರ ಓಣಿಯವರೆಲ್ಲ ಸೇರಿ ಎರಡೂ ಸದ್ದು ಕೇಳಿಸಿಕೊಂಡರು. ಒಂದು ಸಲ ಅಲ್ಲಿ ಚಿಕ್ಕ ಮಗುವೊಂದು ಆಟವಾಡುತ್ತ ಗುಂಡಿ ಒತ್ತಿ, ಮೆಕ್ಕೆಜೋಳ ಮುರಿಯುತ್ತಿದ್ದ ಹದಿನಾರು ಜನ ಹೊಲದಿಂದ ಓಡಿ ಬಂದರಂತೆ. ಸಂಗಮೇಶನಿಗೆ ಇದು ತಿಳಿದದ್ದು ಮಾರನೆಯ ದಿನ. ಇನ್ನು ಅವರು ಬರುವುದನ್ನು ಬಿಟ್ಟಾರು ಎಂದು ಗಾಬರಿಯಾಗಿ ತಾಳಗುಂದಕ್ಕೆ ಹೋಗಿ, ಬಂದವರ ಮನೆಮನೆಗೂ ಹೋಗಿ, ನೀವು ಬಂದದ್ದು ಒಳ್ಳೆಯದಾಯಿತು, ಮುಂದೆಯೂ ಹೀಗೇ ಬನ್ನಿ ಎಂದು ಹೇಳಿ ಬಂದ. ಇದಕ್ಕೆಲ್ಲ ಯಾಕೆ ಬಂದ್ರಿ ಎಂದು ಅವರೇ ನಕ್ಕರು.

ವರದಮ್ಮನ ಬಲಗಾಲು ಸ್ವಲ್ಪ ಗಿಡ್ಡವಾಗಿ ಉಳಿಯಿತು. ಮಿಷಿನ್ನು ತುಳಿಯಲು ಆಗುತ್ತಿರಲಿಲ್ಲ. ಸಂಗಮೇಶ ಅದಕ್ಕೊಂದು ಮೋಟರು ಕೂರಿಸಿಕೊಟ್ಟ. ಆದರೆ ಅದರ ವೇಗ ಅವರ ಕೈಗೆ ಹೊಂದಲಿಲ್ಲ. ಅವರು ಬಟ್ಟೆ ಕತ್ತರಿಸಿ ಕೊಡುತ್ತಿದ್ದರು, ಕಾಲೇಜು ಮುಗಿಸಿದ ಸೌಂದರ್ಯ ಹೊಲಿಯುತ್ತಿದ್ದಳು. ಉಜ್ಜಪ್ಪ ಕುರಿ ಹೊಡೆದುಕೊಂಡು ಹೊರಡುವ ಮೊದಲು ದಿನಾ ಅವರ ಬಾಗಿಲಲ್ಲಿ ನಿಂತು, ಹೊರಟೆ ವರದಕ್ಕ ಎನ್ನುತ್ತಿದ್ದ. ಅವರು ಒಳಗಿಂದ ಹೂಂಗುಟ್ಟುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಆ ದಿನದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ತೊಂಬತ್ತೆಂಟರ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸಂಗಮೇಶ ಅಂಗಡಿಯಲ್ಲಿ ಕೂತಿದ್ದಾಗ ಎರಡು ಬೀದಿ ಆಚೆಯಿಂದ ಒಂದೇ ಎಳೆಯ ಆ ಎರಡನೆಯ ಸದ್ದು ಕೇಳಿಸಿತು. ಆ ಕಡೆ ಅವನು ಗುಂಡಿ ಕೂರಿಸಿದ್ದು ಬಟ್ಟೆ ಅಂಗಡಿಯ ರೇಣುಕಾಪ್ರಸಾದರ ಮನೆಯೊಂದಕ್ಕೇ. ಅಂಗಡಿಯನ್ನು ಹಾಗೆಯೇ ಬಿಟ್ಟು ಓಡಿದ. ಅವನು ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಏಳೆಂಟು ಜೊತೆ ಚಪ್ಪಲಿ ಬಿದ್ದಿದ್ದವು. ರೇಣುಕಾಪ್ರಸಾದರು ಪೂಜೆಗೆ ಕೂತಲ್ಲೇ ಕುಸಿದಿದ್ದರು. ನಾಲ್ವರು ಸೇರಿ ಅವರನ್ನು ಜೀಪಿನಲ್ಲಿ ಮಲಗಿಸಿ ಕರೆದೊಯ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು ಎಂದು ಆಮೇಲೆ ತಿಳಿಯಿತು.

ಸೈರನ್ ಇನ್ನೂ ಕೂಗುತ್ತಲೇ ಇತ್ತು. ಆ ಗಡಿಬಿಡಿಯಲ್ಲಿ ಅದನ್ನು ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಸಂಗಮೇಶ ಒಳಗೆ ಹೋಗಿ ಆರಿಸಿದ. ರೇಣುಕಾಪ್ರಸಾದರ ಹೆಂಡತಿ ಗಂಗಾಶ್ರೀ ದೇವರ ಮನೆಯ ಹೊಸ್ತಿಲ ಬಳಿ ಕೂತಿದ್ದರು. ನೆರೆಯ ಇಬ್ಬರು ಹೆಂಗಸರು ಆಕೆಯನ್ನು ಎರಡೂ ಕಡೆಯಿಂದ ಹಿಡಿದುಕೊಂಡಿದ್ದರು. ಇನ್ನೊಬ್ಬಳು ನೀರಿನ ಲೋಟ ಹಿಡಿದು ನಿಂತಿದ್ದಳು. ಗಂಗಾಶ್ರೀ ತಲೆಯೆತ್ತಿ, ಒತ್ತಿದ ಕೂಡಲೇ ಎಲ್ಲರೂ ಬಂದರು ಎಂದು ಯಾರಿಗೆಂದಿಲ್ಲದೆ ಹೇಳಿದರು. ಸಂಗಮೇಶ ಹೊರಗೆ ಬಂದು, ಜೀಪು ವಾಪಸು ಬರುವ ತನಕ ಉಳಿದವರ ಜೊತೆ ಅಂಗಳದಲ್ಲಿ ನಿಂತ.