ಅಕ್ಕನ ಸೊಂಟದ ಬಟ್ಟೆ

ನಮ್ಮಕ್ಕನಿಗೆ ಕೋಪ ಮೂಗಿನ ತುದೀಲೇ ಇರುತ್ತೆ. ಅದರಲ್ಲೂ ಕೊಳಕು ಅನ್ನೋ ಮಾತನ್ನ ಅವಳೆದುರು ಯಾರೂ ಆಡೋ ಹಾಗಿಲ್ಲ. ಗಂಡ ತೀರಿಕೊಂಡ ಮೇಲೆ ಈ ಮಾರ್ಕೆಟ್ಟಲ್ಲಿ ಒಬ್ಬಳೇ ಕೋಳಿ ಅಂಗಡಿ ನಡೆಸಿ ಮಗಳನ್ನ ಸಾಕಿದವಳು. ಪಕ್ಕದ ಟೀ ಅಂಗಡಿ ನನ್ನದು, ಹಾಗಾಗಿ ದಿನಾ ನೋಡ್ತೀನಿ. ಬೆಳಿಗ್ಗೆ ಬಂದವಳೇ ಕಟ್ಟೆ ತೊಳೀತಾಳೆ, ಕೋಳಿ ಕೊಚ್ಚೋ ಮರದ ದಿಮ್ಮಿ ಗಸಗಸ ಉಜ್ಜುತಾಳೆ, ಬಿಸಿನೀರಲ್ಲಿ ಒಗೆದ ಬಿಳಿ ಬಟ್ಟೆಯೊಂದನ್ನ ಸೊಂಟಕ್ಕೆ ಸಿಗಿಸ್ಕೋತಾಳೆ. ಆ ಬಟ್ಟೆ ಇಲ್ಲದೆ ಅವಳು ಚಾಕು ಮುಟ್ಟಿದ್ದನ್ನ ನಾನಂತೂ ಕಂಡಿಲ್ಲ.

ಒಂದಿನ ಕಾಲೇಜಿನಿಂದ ಒಬ್ಬ ಹೆಂಗಸು ಬಂದಳು. ಶುಚಿತ್ವದ ಬಗ್ಗೆ ಮಾರ್ಕೆಟ್ಟಿನವರಿಗೆ ಏನು ಗೊತ್ತು, ಗೊತ್ತಿದ್ದದ್ದನ್ನ ಮಾಡ್ತಾರಾ ಇಲ್ವಾ ಅಂತ ಸಂಶೋಧನೆಯಂತೆ. ಮೊದಲು ಪ್ರಶ್ನೆ ಕೇಳಿದಳು. ಹಸಿ ಮಾಂಸಕ್ಕೂ ಹಣ್ಣು ತರಕಾರಿಗೂ ಒಂದೇ ಚಾಕು ಬಳಸ್ತೀರಾ ಅಂದದ್ದಕ್ಕೆ ಅಕ್ಕ, "ನನಗೇನು ತಲೆ ಕೆಟ್ಟಿದೆಯಾ?" ಅಂತ ಎರಡು ಚಾಕು, ಎರಡು ಮಣೆ ತೆಗೆದು ಟಕ್ ಅಂತ ಮುಂದಿಟ್ಟಳು. ಅದು ತೋರಿಕೆಗೆ ಇಟ್ಟದ್ದಲ್ಲ, ಯಾವತ್ತಿಂದಲೂ ಇದ್ದದ್ದೇ.

ಪ್ರಶ್ನೆ ಮುಗಿದ ಮೇಲೆ ಆ ಹೆಂಗಸು ಎದುರಿಗೇ ಸ್ಟೂಲ್ ಹಾಕ್ಕೊಂಡು ಕೂತಳು. ದಿನಾ ಬರೋದು, ಕಣ್ಣು ಮಿಟುಕಿಸದೆ ಅಕ್ಕನ ಕೈ ನೋಡೋದು. ಮಾತಿಲ್ಲ, ಕತೆಯಿಲ್ಲ. ಏನಮ್ಮಾ ನಿನ್ನ ಕೆಲಸ ಅಂತ ಟೀ ಕೊಡುವಾಗ ನಾನೇ ಕೇಳಿದೆ.

"ಬರೀ ನೋಡೋದು ಆಂಟಿ. ಬಾಯಿ ಬಿಟ್ರೆ ಅವರು ಎಚ್ಚರ ಆಗ್ತಾರೆ, ಆಮೇಲೆ ನೋಡಿದ್ದು ನಿಜ ಆಗಿರಲ್ಲ. ಏನೇ ಆದ್ರೂ ಸುಮ್ನಿರಬೇಕು ಅಂತ ನಮ್ಮ ನಿಯಮ."

ಅವಳಿಗೆ ನೋಡೋ ಮೇಡಂ ಅಂತ ಹೆಸರಿಟ್ಟೆ. ಮೊದಮೊದಲು ಅಕ್ಕ ಹೊಸ ಸೊಸೆ ಥರ ಬೆನ್ನು ನೆಟ್ಟಗೆ ಮಾಡ್ಕೊಂಡು ಕೆಲಸ ಮಾಡಿದಳು. ಬರಬರುತ್ತಾ ಆ ಸ್ಟೂಲನ್ನೂ ಮರೆತಳು, ಅದರ ಮೇಲೆ ಕೂತವಳನ್ನೂ ಮರೆತಳು.

ಅಕ್ಕನ ಮಗಳು ಆಗ ತುಂಬು ಬಸುರಿ. ಮಧ್ಯಾಹ್ನ ಅಮ್ಮನ ಅಂಗಡಿಗೆ ಬಂದು ಕೂರೋಳು, ಅಮ್ಮ ಹೆಚ್ಚಿಕೊಟ್ಟದ್ದನ್ನ ತಿನ್ನೋಳು. ಹಿಂದಿನ ವಾರವಷ್ಟೇ ಹೊಟ್ಟೆ ಕೆಟ್ಟು, ಜ್ವರ ಬಂದು, ಆಸ್ಪತ್ರೆ ಸೇರಿದ್ದಳು. ಇನ್ನೊಂದು ಸಲ ಹೀಗಾದ್ರೆ ಮಗು ಉಳಿಯೋದು ಕಷ್ಟ ಅಂತ ಡಾಕ್ಟರು ಮುಖಕ್ಕೆ ಹೇಳಿದ್ರು. ಅವತ್ತಿಂದ ನಮಗಿಬ್ಬರಿಗೂ ಜೀವ ಕೈಯಲ್ಲಿ ಹಿಡ್ಕೊಂಡ ಹಾಗೇ ಇತ್ತು. ಹೋಟೆಲ್ ತಿಂಡಿ ಬೇಡ, ಹೊರಗಿನ ನೀರು ಬೇಡ, ಏನಿದ್ರೂ ನನ್ನ ಕೈಯಿಂದಲೇ ಅಂತ ಅಕ್ಕ ಪಟ್ಟು ಹಿಡಿದಿದ್ದಳು.

ಅವತ್ತು ಗಿರಾಕಿಗಳು ಮುಗಿಬಿದ್ದಿದ್ರು. ಅಕ್ಕ ಕೋಳಿ ಕೊಚ್ಚಿ, ದೊಡ್ಡ ಚಾಕುವನ್ನ ಸೊಂಟದ ಬಟ್ಟೆಗೆ ಒರೆಸಿ ಬದಿಗಿಟ್ಟಳು. ಕೈ ತೊಳೆದು, ಅದೇ ಬಟ್ಟೆಗೆ ಒರೆಸಿಕೊಂಡಳು. ಸಣ್ಣ ಚಾಕು ತೊಳೆದು, ಅದನ್ನೂ ಅದೇ ಬಟ್ಟೆಗೆ ಒರೆಸಿ, ಬೇರೆ ಮಣೆ ಮೇಲೆ ಸೌತೆಕಾಯಿ ಹೆಚ್ಚಿ ಮಗಳಿಗೆ ಕೊಟ್ಟಳು. ಅದರಲ್ಲೇನೂ ತಪ್ಪು ನನಗೆ ಕಾಣಲಿಲ್ಲ.

ನೋಡೋ ಮೇಡಂ ಮುಖ ಬಿಳಿಚಿಕೊಂಡಿತ್ತು. ಏನೋ ಹೇಳೋಕೆ ಬಾಯಿ ತೆರೆದಳು, ಮುಚ್ಚಿದಳು. ಮಗಳು ಹೋಳನ್ನ ಬಾಯಿ ಹತ್ತಿರ ತಂದಳು. ಸ್ಟೂಲ್ ದಡಾರನೆ ಬಿತ್ತು.

"ತಿನ್ನಬೇಡಮ್ಮ," ಅಂತ ಮೇಡಂ ಹುಡುಗಿ ಕೈ ಹಿಡಿದುಬಿಟ್ಟಿದ್ದಳು. "ಆ ಬಟ್ಟೆ. ಹಸಿ ಮಾಂಸದ ಕೊಳಕೆಲ್ಲ ಆ ಬಟ್ಟೇಲಿದೆ, ಅದರಿಂದ ಕೈಗೂ ಚಾಕುಗೂ ಬಂತು."

ಗಿರಾಕಿಗಳೆಲ್ಲ ತಿರುಗಿ ನೋಡಿದ್ರು. ನನಗೆ ಮೈಯೆಲ್ಲ ಉರಿದುಹೋಯ್ತು, ಇಷ್ಟು ಜನರ ಮುಂದೆ ನಮ್ಮಕ್ಕನ ಮಾನ ಕಳೀತಾಳಲ್ಲ ಅಂತ. ಅಕ್ಕ ಕೂಗಾಡ್ತಾಳೆ ಅಂದ್ಕೊಂಡೆ. ಅವಳು ಬಗ್ಗಿ ಸೊಂಟದ ಬಟ್ಟೆ ನೋಡ್ಕೊಂಡಳು, ಬೇರೆಯವರದ್ದೇನೋ ಅನ್ನೋ ಹಾಗೆ. ಅಂಚೆಲ್ಲ ನಸುಗೆಂಪಾಗಿತ್ತು.

"ದಿನಾ ಹೀಗೇ ಒರೆಸ್ತೀನಾ ನಾನು?" ಅಂತ ಕೇಳಿದಳು. ದನಿ ತಗ್ಗಿತ್ತು.

"ಹೂಂ."

"ಇವಳು ಆಸ್ಪತ್ರೆ ಸೇರೋಕೆ ಮುಂಚೇನೂ ನೀನು ಇಲ್ಲೇ ಕೂತಿದ್ದೆ."

ಮೇಡಂ ತಲೆ ತಗ್ಗಿಸಿದಳು. "ಕೂತಿದ್ದೆ. ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ ಅಮ್ಮಾ. ಆದ್ರೆ ನೋಡಿದ್ದೆ."

"ನೋಡಿಯೂ ಸುಮ್ನಿದ್ದೆ."

"ಸುಮ್ನಿದ್ದೆ."

ಅಕ್ಕ ಹೊಡೆದೇಬಿಡ್ತಾಳೆ ಅಂತ ನಾನು ಹತ್ತಿರ ಹೋದೆ. ಅಕ್ಕ ಬಟ್ಟೆ ಬಿಚ್ಚಿ ಕಸದ ಬುಟ್ಟಿಗೆ ಹಾಕಿದಳು. ನನ್ನ ಒಲೆ ಮೇಲೆ ಕುದೀತಿದ್ದ ನೀರನ್ನ ಸಣ್ಣ ಚಾಕು, ಮಣೆ ಎರಡಕ್ಕೂ ಸುರಿದಳು. ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆದಳು. ಒರೆಸೋಕೆ ಅಂತ ಕೈ ತಾನಾಗೇ ಸೊಂಟಕ್ಕೆ ಹೋಯ್ತು, ಏನೂ ಸಿಗಲಿಲ್ಲ. ಒದ್ದೆ ಕೈಯಲ್ಲೇ ಇನ್ನೊಂದು ಸೌತೆಕಾಯಿ ತೊಳೆದು, ಹೆಚ್ಚಿ, ಒಂದು ಹೋಳು ಮಗಳ ಮುಂದೆ ಹಿಡಿದಳು.

"ತಗೋ ಮಗಳೇ."

ಹುಡುಗಿ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ಹೊಟ್ಟೆ ಮೇಲಿಟ್ಕೊಂಡು, ತಿನ್ನಬಹುದಾ ಅನ್ನೋ ಹಾಗೆ ನೋಡೋ ಮೇಡಂ ಮುಖ ನೋಡಿದಳು. ಅವಳು ಹೂಂ ಅಂತ ತಲೆ ಆಡಿಸಿದ ಮೇಲೇ ಅಮ್ಮನ ಕೈಯಿಂದ ತಗೊಂಡಳು.

ಅಕ್ಕ ಅದನ್ನ ನೋಡಿದಳು. ತಿರುಗಿ ದಿಮ್ಮಿ ಹತ್ತಿರ ಹೋಗಿ, ಯಾರಿಗೆ ಎಷ್ಟು ಬೇಕು ಹೇಳ್ರಪ್ಪಾ ಅಂತ ಗಿರಾಕಿಗಳನ್ನ ಕೇಳಿದಳು.